ಹಳೆಯ ಜಿಪಿಎಸ್ ವಿಷಯವಾಗಿ ಅಣ್ಣನಿಗೆ

ಹ್ಯಾಂಬಲ್, ಹ್ಯಾಂಪ್‌ಶೈರ್, ಇಂಗ್ಲೆಂಡ್
20 ಜೂನ್ 2025

ತೀರ್ಥರೂಪ ಸಮಾನರಾದ ಅಣ್ಣನಿಗೆ, ನಿಮ್ಮ ತಮ್ಮ ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಗಂಗೊಳ್ಳಿಯಲ್ಲಿ ಅಪ್ಪಯ್ಯ, ಅಮ್ಮ, ಅತ್ತಿಗೆ, ಮಕ್ಕಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನೀವು ವಾಟ್ಸಾಪಿನಲ್ಲಿ ಹೇಳಿ ಕಳಿಸಿದ್ದನ್ನೆಲ್ಲ ಕೇಳಿದೆ. ಫೋನಿನಲ್ಲಿ ಉತ್ತರಿಸಿದರೆ ಅರ್ಧ ಮರೆತುಹೋಗುವಂಥ ವಿಷಯವಾದ್ದರಿಂದ, ವೀಲ್‌ಹೌಸಿನಲ್ಲಿ ಇಟ್ಟುಕೊಂಡು ಓದಿ ನೋಡುತ್ತ ಕೆಲಸ ಮಾಡಲು ಅನುಕೂಲವಾಗಲೆಂದು ಕಾಗದದಲ್ಲಿಯೇ ಬರೆಯುತ್ತಿದ್ದೇನೆ.

ಗುಜರಿಗೆ ಹೋಗಲಿದ್ದ ಬೋಟಿನಿಂದ ಬಿಚ್ಚಿಸಿ ತಂದ ಜಿಪಿಎಸ್ ಪ್ಲಾಟರಿನ (ನಕ್ಷೆಯ ಮೇಲೆ ಬೋಟಿನ ಸ್ಥಾನ ತೋರಿಸುವ ಸೆಟ್ಟಿನ) ಬಗ್ಗೆ ನೀವು ಮೂರು ದೂರು ಹೇಳಿದ್ದೀರಿ. ಇಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಪರದೆ ಆರಿಹೋಗಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ತಾರೀಖು 2005ರ ಅಕ್ಟೋಬರ್ ಎಂದು ತೋರಿಸುತ್ತದೆ. ವಯರು ಎಳೆದು ಕೊಟ್ಟರೂ ವಿಎಚ್‌ಎಫ್ ವಯರ್‌ಲೆಸ್‌ನ ಪರದೆಯ ಮೇಲೆ ನಮ್ಮ ಸ್ಥಾನ ಬರುವುದಿಲ್ಲ. ಸೆಟ್ ಹೋಗಿದೆ, ಹೊಸದು ಹಾಕಿ ಎಂದು ರಿಪೇರಿಯವರು ಹೇಳಿದರೆಂದೂ, ಇಲ್ಲಿಂದಲೇ ಒಂದು ಸೆಟ್ ಕಳಿಸಲು ಆದೀತೇ ಎಂದೂ ಕೇಳಿದ್ದೀರಿ. ಈ ಮೂರು ದೂರುಗಳಿಗೂ ಕಾರಣ ಬೇರೆ ಬೇರೆ, ಮತ್ತು ಅವುಗಳಲ್ಲಿ ಒಂದೂ ಸೆಟ್ ಕೆಟ್ಟಿದೆ ಎನ್ನುವುದಕ್ಕೆ ಸಾಕ್ಷಿಯಲ್ಲ ಎಂದು ನನಗೆ ಅನ್ನಿಸುತ್ತದೆ. ಜುಲೈ 31ರವರೆಗೆ ಹೇಗೂ ಮೀನುಗಾರಿಕೆಗೆ ನಿಷೇಧವಿದೆ, ಬೋಟು ಮಲ್ಪೆಯಲ್ಲಿ ನಿಂತಿದೆ. ಅಷ್ಟರೊಳಗೆ ಸಾವಧಾನವಾಗಿ ನೋಡಿದರೆ ಸಾಕು.

ನಾನು ಕೆಲಸ ಮಾಡುವ ಯಾರ್ಡಿನಲ್ಲಿ ಹಳೆಯ ಸಾಮಾನನ್ನು ಕೂಡಿಸುವುದೇ ಹೆಚ್ಚು. ಇಲ್ಲಿಗೆ ಸಮೀಪದ ಬ್ಯೂಲಿ ಎಂಬಲ್ಲಿ ವಸಂತಕಾಲದಲ್ಲಿ ದೋಣಿ ಸಾಮಾನಿನ ದೊಡ್ಡ ಸಂತೆಯೇ ನೆರೆಯುತ್ತದೆ. ಹಗ್ಗ, ಲಂಗರು, ಹಳೆಯ ಪ್ಲಾಟರು, ಆಳ ಅಳೆಯುವ ಇಕೋ ಸೌಂಡರು ಎಲ್ಲವೂ ಮೇಜುಗಳ ಮೇಲೆ ಹರಡಿರುತ್ತವೆ. ಅಲ್ಲಿಂದ ಕೊಂಡು ತಂದವರು ಕೂಡಿಸಿಕೊಡಿ ಎಂದು ನಮ್ಮಲ್ಲಿಗೆ ಬರುತ್ತಾರೆ. ಅವರ ಸೆಟ್ಟನ್ನು ಮೇಜಿನ ಮೇಲಿಟ್ಟು ಒಳ್ಳೆಯ ಬ್ಯಾಟರಿ ಕೊಟ್ಟರೆ ಹೆಚ್ಚಿನವು ಸರಿಯಾಗಿಯೇ ನಡೆಯುತ್ತವೆ. ಅದನ್ನೇ ದೋಣಿಯಲ್ಲಿ ಕೂರಿಸಿದರೆ ಹಟ ಹಿಡಿಯುತ್ತದೆ. ಹಿಂದಿನ ಮಾಲೀಕರು ಬಿಚ್ಚುವಾಗ ವಯರನ್ನು ಗೇಣುದ್ದ ಬಿಟ್ಟು ಕತ್ತರಿಸಿರುತ್ತಾರೆ, ಕೊಂಡವರು ಅದಕ್ಕೆ ಮನೆಯ ಕರೆಂಟಿನ ವಯರು ತಿರುಚಿ ಟೇಪು ಸುತ್ತಿರುತ್ತಾರೆ. ಆ ಟೇಪು ಬಿಚ್ಚಿ ನೋಡಿದರೆ ತಾಮ್ರದ ಎಳೆಗಳ ತುದಿಯಲ್ಲಿ ಹಸಿರು ಪುಡಿ ಕಟ್ಟಿರುತ್ತದೆ. ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಒಂದು ಗೇಣು ಸುಲಿದರೂ ಒಳಗೆ ತಾಮ್ರ ಕಪ್ಪಾಗಿರುತ್ತದೆ. ಉಪ್ಪುನೀರು ಎಳೆಗಳ ಸಂದಿನಲ್ಲಿ ಏರುತ್ತ ಹೋಗುವುದರಿಂದ ಹೀಗಾಗುತ್ತದೆ. ಆ ಕಪ್ಪು ತಾಮ್ರಕ್ಕೆ ಬೆಸುಗೆಯೂ ಹಿಡಿಯುವುದಿಲ್ಲ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸುತ್ತ ಹೋಗಬೇಕು, ಸಿಗದಿದ್ದರೆ ವಯರನ್ನೇ ಬದಲಿಸಬೇಕು. ಇದರಲ್ಲಿ ಉಳಿತಾಯ ಮಾಡಲು ಹೋದರೆ ಮುಂದಿನ ಯಾವ ಪರೀಕ್ಷೆಯ ಫಲವನ್ನೂ ನಂಬುವಂತಿಲ್ಲ.

ಮೊದಲ ದೂರನ್ನು ಮೊದಲು ನೋಡೋಣ. ನಮ್ಮ ಬೋಟಿನಲ್ಲಿ ಸ್ಟಾರ್ಟರಿಗಾಗಿ ಎರಡು 12 ವೋಲ್ಟಿನ ಬ್ಯಾಟರಿಗಳನ್ನು ಸೇರಿಸಿ 24 ವೋಲ್ಟ್ ಮಾಡಿದ್ದಾರಲ್ಲವೇ? ಪ್ಲಾಟರು 12 ವೋಲ್ಟಿನದೆಂದು ಆ ಎರಡರಲ್ಲಿ ಒಂದರಿಂದ ಮಾತ್ರ ಕರೆಂಟು ಎಳೆದಿದ್ದರೆ, ಆ ಒಂದು ಬ್ಯಾಟರಿ ಸದಾ ಅರ್ಧ ಹೊಟ್ಟೆಯಲ್ಲಿರುತ್ತದೆ, ಸ್ಟಾರ್ಟರ್ ತಿರುಗುವಾಗ ಅದರ ವೋಲ್ಟೇಜು ಹತ್ತಕ್ಕಿಂತಲೂ ಕೆಳಗೆ ಬೀಳುತ್ತದೆ, ಸೆಟ್ ಆರುತ್ತದೆ. ಪ್ಲಾಟರಿನ ಹಿಂಬದಿಯ ಪಟ್ಟಿಯಲ್ಲಿ ಅದು ಎಷ್ಟು ವೋಲ್ಟಿನಿಂದ ಎಷ್ಟರವರೆಗೆ ತಡೆಯುತ್ತದೆ ಎಂದು ಬರೆದಿರುತ್ತದೆ. ಕೆಲವು 35 ವೋಲ್ಟಿನವರೆಗೂ ತಡೆಯುತ್ತವೆ, ಕೆಲವು 24 ಕೊಟ್ಟರೆ ಸುಟ್ಟೇ ಹೋಗುತ್ತವೆ. ಆದ್ದರಿಂದ ಪಟ್ಟಿ ಓದದೆ ಮಾತ್ರ ಏನನ್ನೂ ಕೂಡಿಸಬೇಡಿ.

ಮಲ್ಟಿಮೀಟರಿನಿಂದ ಬರಿದೇ ಅಳೆದರೆ ಏನೂ ತಿಳಿಯುವುದಿಲ್ಲ. ಏಕೆಂದರೆ ಕೊಳೆತ ವಯರೂ ಭಾರವಿಲ್ಲದಿರುವಾಗ 12.6 ವೋಲ್ಟನ್ನೇ ತೋರಿಸುತ್ತದೆ. ಸೆಟ್ ಉರಿಯುತ್ತಿರುವಾಗಲೇ ಅದರ ಪ್ಲಗ್ಗಿನ ಬಳಿ ಮೀಟರು ಹಿಡಿದು, ಇನ್ನೊಬ್ಬರಿಂದ ಇಂಜಿನ್ ಸ್ಟಾರ್ಟ್ ಮಾಡಿಸಿ. ಅನಂತರ ಅದೇ ರೀತಿ ಬ್ಯಾಟರಿಯ ತುದಿಗಳಲ್ಲಿ ಅಳೆಯಿರಿ. ಬ್ಯಾಟರಿಯಲ್ಲಿಯೇ ಕುಸಿದರೆ ತಪ್ಪು ಬ್ಯಾಟರಿಯದು. ಅಲ್ಲಿ ಸರಿಯಿದ್ದು ಪ್ಲಗ್ಗಿನಲ್ಲಿ ಕುಸಿದರೆ ತಪ್ಪು ನಡುವಿನ ವಯರಿನದು ಅಥವಾ ಫ್ಯೂಸಿನ ಹಿಡಿಕೆಯದು. ಎರಡರ ನಡುವೆ 0.4 ವೋಲ್ಟಿಗಿಂತ ಹೆಚ್ಚು ಅಂತರ ಇರಕೂಡದು. ನೆಗೆಟಿವ್ ವಯರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ನಾನು ಕಂಡಂತೆ ಹೆಚ್ಚಿನ ತೊಂದರೆ ಇರುವುದು ಅದರಲ್ಲಿಯೇ. ಕೊನೆಗೆ ಬೇರೊಂದು ಒಳ್ಳೆಯ ಬ್ಯಾಟರಿಯನ್ನು ತಂದು, ಫ್ಯೂಸ್ ಹಾಕಿದ ಗಿಡ್ಡ ವಯರಿನಿಂದ ಸೆಟ್ಟಿಗೆ ನೇರವಾಗಿ ಕೊಟ್ಟು, ಇಂಜಿನ್ ಸ್ಟಾರ್ಟ್ ಮಾಡಿ ನೋಡಿ. ಪರದೆ ಆರದಿದ್ದರೆ ಆ ವಿಚಾರ ಅಲ್ಲಿಗೆ ಮುಗಿಯಿತು. ಎಲೆಕ್ಟ್ರಾನಿಕ್ಸ್‌ಗೆಂದೇ ಒಂದು ಬ್ಯಾಟರಿಯನ್ನು ಪ್ರತ್ಯೇಕವಾಗಿ ಇಡುವುದು ಹೊಸ ಸೆಟ್ಟಿಗಿಂತ ಎಷ್ಟೋ ಅಗ್ಗ.

ತಾರೀಖಿನ ದೂರನ್ನು ಕೇಳಿ ನನಗೆ ಸಂತೋಷವೇ ಆಯಿತು. ಉಪಗ್ರಹಗಳು ವಾರದ ಸಂಖ್ಯೆಯನ್ನು ಹತ್ತು ಬಿಟ್‌ಗಳಲ್ಲಿ, ಅಂದರೆ ಸೊನ್ನೆ-ಒಂದುಗಳ ಹತ್ತು ಸ್ಥಾನಗಳಲ್ಲಿ, ಕಳಿಸುತ್ತವೆ. ಆದ್ದರಿಂದ 1023ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತವೆ. ಹೀಗೆ ಮೊದಲ ಸಲ 1999ರ ಆಗಸ್ಟಿನಲ್ಲಿಯೂ ಎರಡನೆಯ ಸಲ 2019ರ ಏಪ್ರಿಲಿನಲ್ಲಿಯೂ ಆಯಿತು. ಇದನ್ನು ತಿದ್ದಿಕೊಳ್ಳಲಾಗದ ಹಳೆಯ ಸೆಟ್ಟುಗಳು 1024 ವಾರ, ಅಂದರೆ ಸುಮಾರು ಹತ್ತೊಂಬತ್ತು ವರ್ಷ ಏಳೂವರೆ ತಿಂಗಳು ಹಿಂದಿನ ತಾರೀಖನ್ನು ತೋರಿಸುತ್ತವೆ. ಈ ಜೂನಿನ ಮೊದಲ ಎರಡು ವಾರಗಳಿಂದ ಅಷ್ಟು ಹಿಂದೆ ಎಣಿಸಿದರೆ ನೀವು ಹೇಳಿದ 2005ರ ಅಕ್ಟೋಬರೇ ಬರುತ್ತದೆ. ಪರೀಕ್ಷೆ ಸುಲಭ: ಸೆಟ್ಟಿನ ತಾರೀಖು ಸೋಮವಾರವೋ ಮಂಗಳವಾರವೋ ಯಾವ ದಿನವೆಂದು ಫೋನಿನ ಕ್ಯಾಲೆಂಡರಿನಲ್ಲಿ ನೋಡಿ. ಅದು ಇಂದಿನ ದಿನವೇ ಆಗಿದ್ದರೆ ಕಾರಣ ಇದೇ. ಈ ತಾರೀಖನ್ನು ಸೆಟ್ ಉಪಗ್ರಹದಿಂದ ಪಡೆದಿರುವುದರಿಂದ ಅದರ ಆಂಟೆನಾವೂ ರಿಸೀವರೂ ಜೀವಂತವಾಗಿವೆ ಎಂದಾಯಿತು. ಸ್ಥಾನ ಸರಿಯಾಗಿಯೇ ಇರುತ್ತದೆ. ಉಬ್ಬರವಿಳಿತದ ಲೆಕ್ಕ, ಸೂರ್ಯೋದಯದ ಹೊತ್ತು ಇವನ್ನು ಮಾತ್ರ ಆ ಸೆಟ್ಟಿನಿಂದ ಓದಬೇಡಿ. ಸಾಫ್ಟ್‌ವೇರ್ ತಿದ್ದುಪಡಿ ಇದೆಯೇ ಎಂದು ನಾನು ಹುಡುಕುತ್ತೇನೆ.

ತಿಂಗಳುಗಟ್ಟಲೆ ಆರಿಸಿಟ್ಟಿದ್ದ ಸೆಟ್ಟನ್ನು ಹಚ್ಚಿದ ಮೊದಲ ದಿನ ಅವಸರ ಪಡಬಾರದು ಎಂಬುದೂ ನೆನಪಿರಲಿ. ಒಳಗಿನ ಚಿಕ್ಕ ಬ್ಯಾಟರಿ ಸತ್ತಿದ್ದರೆ ಅದಕ್ಕೆ ಯಾವ ಉಪಗ್ರಹ ಎಲ್ಲಿದೆ ಎಂಬುದೇ ಮರೆತಿರುತ್ತದೆ, ಎಲ್ಲ ಉಪಗ್ರಹಗಳ ಪಟ್ಟಿಯನ್ನು ಪೂರ್ತಿ ಇಳಿಸಿಕೊಳ್ಳಲು ಹನ್ನೆರಡೂವರೆ ನಿಮಿಷ ಬೇಕು. ಆಕಾಶ ಕಾಣುವಲ್ಲಿ ಅರ್ಧ ಗಂಟೆ ಬಿಡಿ, ಅದಕ್ಕೆ ಮೊದಲು ತೀರ್ಪು ಬೇಡ.

ಮೂರನೆಯ ದೂರು ಎಲ್ಲಕ್ಕಿಂತ ಮುಖ್ಯವಾದದ್ದು. ವಿಎಚ್‌ಎಫ್‌ನ ಕೆಂಪು ಗುಂಡಿ ಒತ್ತಿದಾಗ ಅದು 70ನೆಯ ಚಾನೆಲಿನಲ್ಲಿ ಬೋಟಿನ ಗುರುತಿನ ಸಂಖ್ಯೆಯನ್ನೂ ಸ್ಥಾನವನ್ನೂ ತಾನಾಗಿಯೇ ಕಳಿಸುತ್ತದೆ. ಜಿಪಿಎಸ್ ಕೂಡಿಸಿರದಿದ್ದರೆ ಸ್ಥಾನದ ಜಾಗ ಖಾಲಿ ಹೋಗುತ್ತದೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಏಳು ಮಂದಿಯೊಂದಿಗೆ ಕಾಣೆಯಾಗಿ, ಅದರ ಅವಶೇಷ ಮರುವರ್ಷದ ಮೇ ತಿಂಗಳಿನಲ್ಲಿ ಮಹಾರಾಷ್ಟ್ರದ ಕಡಲಿನಲ್ಲಿ ಸಿಗುವವರೆಗೆ ನಮ್ಮ ಕೇರಿಯವರು ಹೇಗೆ ಕಾದರೆಂಬುದು ನಿಮಗೇ ಗೊತ್ತು. ಹಾಗಾಗಿ ಪ್ಲಾಟರಿನ ಬಣ್ಣದ ನಕ್ಷೆಗಿಂತ ಅದನ್ನು ವಿಎಚ್‌ಎಫ್‌ಗೆ ಕೂಡಿಸುವ ಎರಡು ಸಣ್ಣ ವಯರುಗಳ ಮೇಲೆ ನನಗೆ ಹೆಚ್ಚಿನ ಆಸ್ಥೆ.

ನಿಮ್ಮ ಪ್ಲಾಟರಿನ ಕಾಲದ ಸೆಟ್ಟುಗಳು ಒಂದಕ್ಕೊಂದು ಮಾತನಾಡುವುದು ಎನ್‌ಎಂಇಎ 0183 ಎಂಬ ಪದ್ಧತಿಯಲ್ಲಿ. ಒಂದು ಸೆಟ್ ಹೇಳುತ್ತದೆ, ಉಳಿದವು ಕೇಳುತ್ತವೆ. ಪ್ಲಾಟರಿನ ಡೇಟಾ ಔಟ್ ವಿಎಚ್‌ಎಫ್‌ನ ಡೇಟಾ ಇನ್‌ಗೆ ಹೋಗಬೇಕು. ಔಟ್ ಅನ್ನು ಔಟ್‌ಗೆ ಕೂಡಿಸಿದರೆ ಎರಡೂ ಮೂಕವಾಗುತ್ತವೆ. ವಿಎಚ್‌ಎಫ್‌ನಲ್ಲಿ ಇನ್ ಪ್ಲಸ್, ಇನ್ ಮೈನಸ್ ಎಂದು ಎರಡು ವಯರುಗಳಿದ್ದು ಹಳೆಯ ಪ್ಲಾಟರಿನಲ್ಲಿ ಔಟ್ ಒಂದೇ ಇದ್ದರೆ, ಮೈನಸ್ಸನ್ನು ಪ್ಲಾಟರಿನ ನೆಗೆಟಿವ್‌ಗೆ ಕೂಡಿಸಬೇಕು. ನೀವು ಇದೊಂದನ್ನು ತೂಗುಬಿಟ್ಟಿರಬಹುದೆಂದು ನನ್ನ ಊಹೆ. ಬಣ್ಣವನ್ನು ನಂಬಬೇಡಿ, ಒಂದು ಕಂಪನಿಯ ನೀಲಿ ಇನ್ನೊಂದು ಕಂಪನಿಯ ಹಳದಿ. ಯಾವ ವಯರು ಮಾತನಾಡುತ್ತಿದೆ ಎಂದು ತಿಳಿಯಲು ಮೀಟರನ್ನು ಡಿಸಿ ವೋಲ್ಟಿಗಿಟ್ಟು ಅದಕ್ಕೂ ನೆಗೆಟಿವ್‌ಗೂ ಹಿಡಿಯಿರಿ. ಮಾತನಾಡುವ ವಯರಿನಲ್ಲಿ ಅಂಕಿ ಸೆಕೆಂಡಿಗೋ ಎರಡು ಸೆಕೆಂಡಿಗೋ ಒಮ್ಮೆ ಮಿಡಿಯುತ್ತದೆ, ಸುಮ್ಮನಿರುವ ವಯರಿನಲ್ಲಿ ಅಲ್ಲಾಡುವುದಿಲ್ಲ.

ಯಾವ ವಯರೂ ಮಿಡಿಯದಿದ್ದರೆ ಸೆಟ್ಟಿನ ಮೆನುವಿಗೆ ಹೋಗಿ. ಹಿಂದಿನವರು ಔಟ್‌ಪುಟ್ಟನ್ನು ಆ ಕಂಪನಿಯದೇ ಬೇರೊಂದು ಪದ್ಧತಿಗೆ ಇಟ್ಟಿರಬಹುದು, ಅಥವಾ ಪೂರ್ತಿ ಮುಚ್ಚಿರಬಹುದು. ಅದನ್ನು ಎನ್‌ಎಂಇಎಗೆ, ವೇಗವನ್ನು 4800ಕ್ಕೆ ಇಡಿ. ಎಐಎಸ್ (ಹಡಗುಗಳು ತಮ್ಮ ಗುರುತು, ಸ್ಥಾನವನ್ನು ಒಂದಕ್ಕೊಂದು ತಿಳಿಸುವ ಸಾಧನ) ಮಾತ್ರ 38400ರಲ್ಲಿ ಮಾತನಾಡುತ್ತದೆ, ಹಿಂದಿನ ಬೋಟಿನಲ್ಲಿ ಎಐಎಸ್ ಇದ್ದಿದ್ದರೆ ಪ್ಲಾಟರನ್ನು ಆ ವೇಗಕ್ಕೆ ಬದಲಿಸಿ ಹಾಗೆಯೇ ಬಿಟ್ಟಿರುವ ಸಂಭವವಿದೆ. ಎಲ್ಲವನ್ನೂ ಅಳಿಸಿ ಹೊಸದರಂತೆ ಮಾಡುವ ಆಯ್ಕೆಯೂ ಮೆನುವಿನಲ್ಲಿರುತ್ತದೆ. ಆದರೆ ಅದನ್ನು ಒತ್ತಿದರೆ ಆ ಬೋಟು ನಡೆಸುತ್ತಿದ್ದ ಹಳೆಯ ತಂಡೇಲರು ಕೂಡಿಸಿಟ್ಟ ಪಾಯಿಂಟುಗಳೆಲ್ಲ (ಗುರುತಿಟ್ಟ ಜಾಗಗಳೆಲ್ಲ) ಹೋಗುತ್ತವೆ. ಒತ್ತುವ ಮೊದಲು ಅವರಿಗೊಂದು ಮಾತು ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಕಲ್ಲು ಎಲ್ಲಿದೆ, ಬಲೆ ಎಲ್ಲಿ ಸಿಕ್ಕಿಬೀಳುತ್ತದೆ ಎಂಬ ಅವರ ಜ್ಞಾನ ಆ ಪೆಟ್ಟಿಗೆಗಿಂತ ಬೆಲೆಬಾಳುತ್ತದೆ.

ಇನ್ನೂ ಅನುಮಾನವಿದ್ದರೆ ಅಳಿಯನ ಲ್ಯಾಪ್‌ಟಾಪ್ ತರಿಸಿ. ಸೀರಿಯಲ್ ಕೇಬಲಿನ ಒಂಬತ್ತು ಪಿನ್ನುಗಳಲ್ಲಿ 2ನೆಯದಕ್ಕೆ ಪ್ಲಾಟರಿನ ಔಟ್, 5ನೆಯದಕ್ಕೆ ನೆಗೆಟಿವ್ ಕೊಟ್ಟರೆ ಡಾಲರ್ ಗುರುತಿನಿಂದ ಶುರುವಾಗುವ ಸಾಲುಗಳು ಓಡತೊಡಗುತ್ತವೆ. ಜಿಪಿಆರ್‌ಎಂಸಿ ಎಂಬ ಸಾಲಿನಲ್ಲಿ ಸಮಯದ ನಂತರ ಬರುವ ಅಕ್ಷರ ಎ ಆಗಿದ್ದರೆ ಸ್ಥಾನ ಸಿಕ್ಕಿದೆ, ವಿ ಆಗಿದ್ದರೆ ಇನ್ನೂ ಸಿಕ್ಕಿಲ್ಲ. ಅರ್ಥವಿಲ್ಲದ ಚಿಹ್ನೆಗಳು ಬಂದರೆ ವೇಗ ತಪ್ಪಿದೆ, ಇಲ್ಲವೇ ವಯರು ಅದಲುಬದಲಾಗಿದೆ. ಒಂದು ತಮಾಷೆಯನ್ನು ಮೊದಲೇ ಹೇಳಿಬಿಡುತ್ತೇನೆ: ಕೇಬಲ್ ಚುಚ್ಚಿಯೇ ಲ್ಯಾಪ್‌ಟಾಪ್ ಆನ್ ಮಾಡಿದರೆ ವಿಂಡೋಸ್ ಜಿಪಿಎಸ್ಸನ್ನು ಮೌಸ್ ಎಂದು ತಿಳಿಯುವುದುಂಟು, ಪರದೆಯ ಬಾಣ ಭೂತ ಹಿಡಿದಂತೆ ಎಲ್ಲೆಂದರಲ್ಲಿ ಜಿಗಿಯುತ್ತದೆ. ವೈರಸ್ ಎಂದು ಗಾಬರಿಪಡದೆ ಕೇಬಲ್ ತೆಗೆದು, ಲ್ಯಾಪ್‌ಟಾಪ್ ಪೂರ್ತಿ ಹತ್ತಿದ ಮೇಲೆ ಚುಚ್ಚಿ.

ಮುಂದೆ ಫಿಶ್ ಫೈಂಡರನ್ನೂ ಅದೇ ವಯರಿಗೆ ಕೂಡಿಸುವ ಆಸೆ ನಿಮಗಾಗಬಹುದು. ಕೇಳುವವರು ಎರಡು ಮೂರು ಇದ್ದರೂ ನಡೆದೀತು, ಹೇಳುವವರು ಇಬ್ಬರಾದರೆ ನಡುವೆ ಇಬ್ಬರ ಮಾತನ್ನೂ ಒಂದೇ ವಯರಿಗೆ ಸೇರಿಸುವ ಮಲ್ಟಿಪ್ಲೆಕ್ಸರ್ ಬೇಕೇ ಬೇಕು. ಹೊಸ ಬೋಟುಗಳಲ್ಲಿರುವ ಎನ್‌ಎಂಇಎ 2000 ಎಂಬ ಪದ್ಧತಿಯ ಬಗ್ಗೆ ಸದ್ಯ ಒಂದೇ ಮಾತು: ಅದರಲ್ಲಿ ತೊಂದರೆ ಬಂದರೆ ಕರೆಂಟು ತೆಗೆದು ಎರಡು ಡೇಟಾ ವಯರುಗಳ ನಡುವೆ ಓಮ್ ಅಳೆಯಬೇಕು. 60ರ ಆಸುಪಾಸು ಬಂದರೆ ಸರಿ, 120 ಬಂದರೆ ತುದಿಗೆ ಹಾಕುವ ರೆಸಿಸ್ಟರ್, ಅಂದರೆ ಟರ್ಮಿನೇಟರ್, ಒಂದು ಬಿಟ್ಟುಹೋಗಿದೆ.

ಎಲ್ಲವೂ ಕೂಡಿದ ಮೇಲೆ ಅಪ್ಪಯ್ಯನ ಹಳೆಯ ಪುಸ್ತಕದ ಪಾಯಿಂಟುಗಳನ್ನು ತುಂಬಿಸುವಾಗ ಎಚ್ಚರ ಬೇಕು. ಕೆಲವು ಸೆಟ್ಟುಗಳು ಡಿಗ್ರಿ, ಮಿನಿಟು, ಸೆಕೆಂಡು ಎಂದು ಕೇಳುತ್ತವೆ, ಕೆಲವು ಮಿನಿಟಿನ ದಶಾಂಶ ಕೇಳುತ್ತವೆ. 20.50 ಮಿನಿಟನ್ನು 20 ಮಿನಿಟು 50 ಸೆಕೆಂಡು ಎಂದು ತುಂಬಿಸಿದರೆ ಆರುನೂರು ಮೀಟರಿಗೂ ಮಿಕ್ಕಿ ತಪ್ಪುತ್ತದೆ, ಬಲೆ ಕಲ್ಲಿನ ಮೇಲೆಯೇ ಬಿದ್ದೀತು. ನಕ್ಷೆಯ ಆಧಾರ (ಅಕ್ಷಾಂಶ-ರೇಖಾಂಶ ಎಣಿಸುವ ಮಾದರಿ) ಡಬ್ಲ್ಯುಜಿಎಸ್ 84 ಎಂದಿರುವುದನ್ನೂ ಖಚಿತಪಡಿಸಿಕೊಳ್ಳಿ. ಇನ್ನು, 2000ದ ಮೇ ತಿಂಗಳಿಗೆ ಮೊದಲು ಅಮೆರಿಕದವರು ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಬ್ಬುಗೊಳಿಸುತ್ತಿದ್ದರು. ಆ ಕಾಲದಲ್ಲಿ ಅಪ್ಪಯ್ಯ ಜಿಪಿಎಸ್ ನೋಡಿ ಬರೆದ ಪಾಯಿಂಟುಗಳಲ್ಲಿ ನೂರು ಮೀಟರಿನಷ್ಟು ವ್ಯತ್ಯಾಸ ಇರಬಹುದು. ಅದು ಅವರ ತಪ್ಪಲ್ಲವೆಂದು ಅವರಿಗೆ ತಿಳಿಸಿ.

ಇಲ್ಲಿಂದ ಸೆಟ್ ಕಳಿಸುವುದು ಬೇಡವೆಂದು ನನ್ನ ಅಭಿಪ್ರಾಯ. ಹಳೆಯ ವಿಎಚ್‌ಎಫ್, ಎಐಎಸ್‌ಗಳಲ್ಲಿ ಹಿಂದಿನ ದೋಣಿಯ ಒಂಬತ್ತು ಅಂಕಿಯ ಗುರುತಿನ ಸಂಖ್ಯೆ ಉಳಿದಿರುತ್ತದೆ, ನಾವಾಗಿ ಬದಲಿಸಲು ಸಾಮಾನ್ಯವಾಗಿ ಬರುವುದಿಲ್ಲ. ನಮ್ಮ ದೇಶದ ಸಂಖ್ಯೆ 419ರಿಂದ ಶುರುವಾಗುತ್ತದೆ, ಇಲ್ಲಿಯದು 232ರಿಂದ 235ರವರೆಗಿನ ಯಾವುದಾದರೊಂದರಿಂದ. ಅದೂ ಅಲ್ಲದೆ ವಯರ್‌ಲೆಸ್ ಸಾಧನ ಹೊರಗಿನಿಂದ ತರಿಸಲು ದೂರಸಂಪರ್ಕ ಇಲಾಖೆಯ ಅನುಮತಿಯ ತಾಪತ್ರಯ ಬೇರೆ. ಅದರ ಬದಲು ತವರ ಲೇಪಿಸಿದ ತಾಮ್ರದ ವಯರು, ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ, ಕ್ರಿಂಪ್ ಮಾಡುವ ಕನೆಕ್ಟರುಗಳು ಮತ್ತು ನೀರು ಬಿಡದ ರಬ್ಬರ್ ಟೇಪನ್ನು ಜುಲೈ ಮೊದಲ ವಾರ ಮಂಗಳೂರಿಗೆ ಬರುವ ಗೆಳೆಯನ ಕೈಯಲ್ಲಿ ಕಳಿಸುತ್ತೇನೆ. ಅಷ್ಟರಲ್ಲಿ ಪ್ಲಾಟರಿನ ಹಿಂಬದಿಯ ಪಟ್ಟಿಯದೂ ಈಗ ವಯರುಗಳು ಕೂಡಿರುವ ಸ್ಥಿತಿಯದೂ ಫೋಟೋ ತೆಗೆದು ಕಳಿಸಿ. ಅದನ್ನು ನಾನು ನೋಡುವವರೆಗೆ ಒಂದು ವಯರನ್ನೂ ಕತ್ತರಿಸಬೇಡಿ.

ಅಪ್ಪಯ್ಯ, ಅಮ್ಮನಿಗೆ ನನ್ನ ಸಾಷ್ಟಾಂಗ ನಮಸ್ಕಾರಗಳು. ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ಇಂತಿ,
ನಿಮ್ಮ ಪ್ರೀತಿಯ ತಮ್ಮ