ಹುಲ್ಲಿನ ಎತ್ತರ ಅಳೆದರೆ ಸೊಳ್ಳೆ ಸಾಯದು

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ಬೆಂಗಳೂರಿನ ಬಡಾವಣೆಗಳಲ್ಲಿ ಡೆಂಗಿ ತಪಾಸಣೆ ಶುರುವಾಗುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗಗಳ ಪಟ್ಟಿಗೆ ಸೇರಿಸಿ, ಸೊಳ್ಳೆ ಹುಟ್ಟಲು ಎಡೆಕೊಟ್ಟ ನಗರದ ಮನೆಗಳಿಗೆ 400 ರೂಪಾಯಿ, ಖಾಲಿ ನಿವೇಶನಗಳಿಗೆ 2,000 ರೂಪಾಯಿ ದಂಡ ಗೊತ್ತುಮಾಡಿತು. ದಂಡದ ಬಗ್ಗೆ ತಕರಾರಿಲ್ಲ. ಆದರೆ ತುಂಬೆ, ಉತ್ತರಾಣಿ, ಗರಿಕೆ ಬೆಳೆದ ಅಂಗಳ ಕಂಡರೆ ಸಾಕು, ಎಲ್ಲರ ಬಾಯಲ್ಲೂ ‘ಪೊದೆ, ಸೊಳ್ಳೆ’ ಎಂಬ ಮಾತು. ಪಕ್ಕದಲ್ಲೇ ಅಚ್ಚುಕಟ್ಟಾಗಿ ಜೋಡಿಸಿದ ಕುಂಡಗಳ ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಯಾರ ಕಣ್ಣಿಗೂ ಬೀಳುವುದಿಲ್ಲ.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಪಾತ್ರೆಯಂಥ ವಸ್ತುಗಳಲ್ಲಿ ನಿಂತ ನೀರಿನ ಅಂಚಿನಲ್ಲಿ: ಟೈರು, ಎಳನೀರು ಬುರುಡೆ, ಮುಚ್ಚಳ ಸರಿಯಿಲ್ಲದ ಸಂಪು, ಕತ್ತರಿಸಿ ಬಿಟ್ಟ ಬಿದಿರಿನ ಮೋಟು. ಮೊಟ್ಟೆ ಸೊಳ್ಳೆಯಾಗಲು ಎಂಟು–ಹತ್ತು ದಿನ ಸಾಕು. ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿ, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಹಾಗಾಗಿ ನೀರು ಚೆಲ್ಲಿದರಷ್ಟೇ ಸಾಲದು, ವಾರಕ್ಕೊಮ್ಮೆ ತಟ್ಟೆಯನ್ನು ಬ್ರಷ್‌ನಿಂದ ತಿಕ್ಕಬೇಕು. ನೀರು ಇಂಗುವ ಮಣ್ಣಿನಲ್ಲಿ ಬೆಳೆದ ಹುಲ್ಲಿಗೂ ಇದಕ್ಕೂ ಸಂಬಂಧವಿಲ್ಲ. ಬೆಳೆದ ಸೊಳ್ಳೆ ಹಗಲು ದಟ್ಟ ಗಿಡದ ನೆರಳಲ್ಲಿ ಕೂರುವುದು ನಿಜ. ಅದಕ್ಕೆ ಕಿಟಕಿಯ ಕೆಳಗೆ ಪೊದೆ ಬೆಳೆಸದಿದ್ದರಾಯಿತು.

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ಪಾಲಿಕೆಗಳು ಬಂದಿವೆ. ಅವು ತಮ್ಮ ನಿಯಮಗಳನ್ನು ಬರೆದುಕೊಳ್ಳುವಾಗ ಮನೆಯಂಗಳದ ನೈಸರ್ಗಿಕ ತೋಟಕ್ಕೊಂದು ಸ್ಪಷ್ಟ ವ್ಯಾಖ್ಯೆ ಕೊಡಲಿ. ಮಾದರಿ ಬೇಕೆಂದರೆ ಅಮೆರಿಕದ ಮಿನೆಸೊಟಾ ರಾಜ್ಯ 2023ರಲ್ಲಿ ಮಾಡಿದ ಕಾನೂನನ್ನು ನೋಡಬಹುದು. ಬೇಕೆಂದೇ ನೆಟ್ಟು ಆರೈಕೆ ಮಾಡುವ ಹುಲ್ಲು, ಹೂಗಿಡ, ಪೊದೆಗಳನ್ನು ಅಲ್ಲಿನ ನಗರಗಳು ತಡೆಯುವಂತಿಲ್ಲ. ಗಿಡ ಎಂಟು ಅಂಗುಲ ಮೀರಿ ಬೆಳೆದು ಬೀಜ ಕಟ್ಟಿದರೂ ಅಡ್ಡಿಯಿಲ್ಲ. ಆದರೆ ಅಪಾಯಕಾರಿ ಕಳೆಗಳು ಇರಕೂಡದು, ಸುಮ್ಮನೆ ಕತ್ತರಿಸದೆ ಬಿಟ್ಟ ಲಾನಿಗೆ ಈ ರಕ್ಷಣೆಯೂ ಇಲ್ಲ. ಅಂದರೆ ಗಿಡ ಯಾವುದು, ನೋಡಿಕೊಳ್ಳುವವರಿದ್ದಾರೆಯೇ, ಈ ಎರಡೇ ಪ್ರಶ್ನೆ.

ನಮ್ಮಲ್ಲಿ ನಿಷೇಧಿಸಬೇಕಾದ ಗಿಡಗಳ ಪಟ್ಟಿ ಉದ್ದವೇನಿಲ್ಲ. ಮೊದಲನೆಯದು ಪಾರ್ಥೇನಿಯಂ, ಜನರ ಬಾಯಲ್ಲಿ ಕಾಂಗ್ರೆಸ್ ಗಿಡ. ಲಂಟಾನ, ಯುಪಟೋರಿಯಂ ಆಮೇಲೆ. ಪಾರ್ಥೇನಿಯಂ ಮೊಳೆತ ನಾಲ್ಕರಿಂದ ಆರು ವಾರಕ್ಕೆ ಹೂ ಬಿಡುತ್ತದೆ, ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಖಾಲಿ ಸೈಟುಗಳಲ್ಲಿ ಪ್ರತಿವರ್ಷ ಆಗುವ ಎಡವಟ್ಟು ಇಲ್ಲಿಯೇ. ದೂರು ಬಂದು, ಗುತ್ತಿಗೆದಾರ ಬ್ರಷ್ ಕಟರ್ ತರುವ ಹೊತ್ತಿಗೆ ಗಿಡ ಬಲಿತಿರುತ್ತದೆ. ಕತ್ತರಿಸಿದ ರಭಸಕ್ಕೆ ಬೀಜ ನಾಲ್ಕೂ ಕಡೆ ಚೆಲ್ಲುತ್ತದೆ, ಉಳಿದ ಮೋಟು ಮತ್ತೆ ಚಿಗುರುತ್ತದೆ. ಜೆಸಿಬಿಯಿಂದ ಕೆರೆದರಂತೂ ಬೋಳು ನೆಲ ಅದಕ್ಕೇ ಹಸನು ಮಾಡಿಕೊಟ್ಟಂತೆ. ಮಳೆ ಬಿದ್ದು ನೆಲ ಮೆತ್ತಗಿರುವಾಗ, ಹೂ ಬರುವ ಮೊದಲೇ, ಕೈಗೆ ಗವಸು ಹಾಕಿ ಬೇರು ಸಮೇತ ಕೀಳಬೇಕು. ಬರಿಗೈಯಲ್ಲಿ ಕಿತ್ತವರಿಗೆ ತುರಿಕೆ, ಉಬ್ಬಸ ಬಂದೀತು. ತೆರವಾದ ಜಾಗಕ್ಕೆ ಮುಂಗಾರಿಗೆ ಮುನ್ನ ತಗಚೆ ಬೀಜ ಒತ್ತಾಗಿ ಎರಚಿದರೆ ಅದು ಮೊದಲು ಎದ್ದು ಪಾರ್ಥೇನಿಯಂ ಸಸಿಗಳನ್ನು ಹತ್ತಿಕ್ಕುತ್ತದೆ.

ಉಳಿಸಿಕೊಳ್ಳಬೇಕಾದವೂ ಹೆಸರಿಲ್ಲದ ಗಿಡಗಳಲ್ಲ. ಎಕ್ಕದ ಎಲೆ, ಕರಿಬೇವು, ಈಶ್ವರಿ ಬಳ್ಳಿ, ತಂಗಡಿ ಒಂದೊಂದೂ ಬೇರೆ ಬೇರೆ ಚಿಟ್ಟೆಗಳ ಮರಿಗಳಿಗೆ ಮೇವು. ತುಂಬೆ ಹೂವಿನ ಮೇಲೆ ಜೇನಿನ ಸದ್ದು ಕೇಳದವರಿಲ್ಲ. ಗೌರಿ–ಗಣೇಶ ಹಬ್ಬದ ಮುಂಚಿನ ದಿನ ಎಕ್ಕ, ಉತ್ತರಾಣಿ, ಗರಿಕೆಗಳನ್ನು ಪತ್ರೆಯೆಂದು ದುಡ್ಡು ಕೊಟ್ಟು ತರುತ್ತೇವೆ. ಹಬ್ಬ ಮುಗಿದ ವಾರಕ್ಕೆ ಅವೇ ಗಿಡಗಳನ್ನು ಕಳೆಯೆಂದು ಕೀಳಿಸುತ್ತೇವೆ.

ಇನ್ನು ತೋಟ ಮಾಡುವವರ ಹೊಣೆ. ನೈಸರ್ಗಿಕವೆಂದರೆ ಬಿಟ್ಟುಬಿಡುವುದು ಎಂದುಕೊಂಡವರಿಂದಲೇ ಈ ತೋಟಗಳಿಗೆ ಕೆಟ್ಟ ಹೆಸರು. ಮನೆಯ ಗೋಡೆಯಿಂದ ಮೂರು ಅಡಿ ನೆಲ ಬಯಲಾಗಿರಲಿ. ತರಗೆಲೆಯ ಹೊದಿಕೆ ಎರಡು–ಮೂರು ಅಂಗುಲ ಸಾಕು, ಗೋಡೆಗೆ ತಾಗಿಸಿದರೆ ಗೆದ್ದಲು ಹತ್ತುತ್ತದೆ, ಕಾಂಡಕ್ಕೆ ತಾಗಿಸಿದರೆ ಬುಡ ಕೊಳೆಯುತ್ತದೆ. ಹಾವಿನ ಭಯಕ್ಕೆ ಮೂಲ ಹುಲ್ಲಿಗಿಂತ ಹೆಚ್ಚಾಗಿ ಇಟ್ಟಿಗೆ ಚೂರಿನ ಗುಡ್ಡೆ ಮತ್ತು ಎಂಜಲು ಕಸ. ಇಲಿ ಅಲ್ಲಿಗೆ ಬರುತ್ತದೆ, ಇಲಿಯ ಹಿಂದೆ ಹಾವು. ರಸ್ತೆಯ ಕಡೆಯ ಎರಡಡಿ ಅಂಚಿನಲ್ಲಿ ಮೊಣಕಾಲೆತ್ತರ ಮೀರದ ಗಿಡಗಳಿದ್ದು, ಒಂದು ಸಾಲು ಕಲ್ಲು ಜೋಡಿಸಿದ್ದರೆ ಇದು ಬೇಕೆಂದೇ ಮಾಡಿದ ತೋಟವೆಂದು ದಾರಿಹೋಕರಿಗೂ ಗೊತ್ತಾಗುತ್ತದೆ. ಮೂಲೆ ಸೈಟಿನವರು ತಿರುವಿನಲ್ಲಿ ವಾಹನ ಕಾಣದಂತೆ ಗಿಡ ಎಬ್ಬಿಸಬಾರದು. ಅತ್ತಿ, ಅರಳಿ ತಾವಾಗಿ ಮೊಳೆತರೆ ಬೆರಳು ಗಾತ್ರದಲ್ಲೇ ಕೀಳಿ. ಸಂಪು, ಕಾಂಪೌಂಡ್ ಗೋಡೆ ಎರಡನ್ನೂ ಅವು ಸೀಳುತ್ತವೆ. ದೊಡ್ಡ ಮರವಾದ ಮೇಲೆ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಕೇಳುತ್ತಾ ನಿಲ್ಲಬೇಕಾಗುತ್ತದೆ.

ಕಾಂಪೌಂಡಿನ ಹೊರಗೆ ಫುಟ್‌ಪಾತ್ ಮೇಲೆ ಬೇಲಿ ಹಾಕಿ ಮಾಡುವ ತೋಟವನ್ನು ಈ ರಕ್ಷಣೆಯೊಳಗೆ ತರಲೇಬಾರದು. ನಡೆಯುವ ದಾರಿ ಕನಿಷ್ಠ 1.8 ಮೀಟರ್ ತೆರವಿರಬೇಕೆಂಬುದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ. ಆ ತೋಟದಲ್ಲಿ ತುಂಬೆ ಇದ್ದರೂ ಒತ್ತುವರಿ ಒತ್ತುವರಿಯೇ.

ನೀರಿನ ಲೆಕ್ಕವೂ ಉಂಟು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಆದೇಶಿಸಿತು. ಬೇರೂರಿದ ತಂಗಡಿ, ಲಾವಂಚಗಳು ಬೇಸಿಗೆಯಲ್ಲೂ ಅಷ್ಟಾಗಿ ನೀರು ಬೇಡವು, ಲಾನು ಹಾಗಲ್ಲ. ಚಾವಣಿಯ ಮಳೆನೀರನ್ನು ತಗ್ಗು ಪಾತಿಗೆ ಬಿಡುವವರು ಮೊದಲು ಒಂದಡಿ ಗುಂಡಿ ತೋಡಿ, ನೀರು ತುಂಬಿ ಇಂಗಲು ಬಿಟ್ಟು, ಮತ್ತೆ ತುಂಬಿ ನೋಡಲಿ. ಎರಡನೆಯ ಸಲದ ನೀರು ಒಂದು ದಿನದಲ್ಲಿ ಇಂಗದಿದ್ದರೆ ಅಲ್ಲಿ ಪಾತಿ ಬೇಡ, ಸೊಳ್ಳೆಯ ತೊಟ್ಟಿಯಾದೀತು.

ಪಾಲಿಕೆಗಳು ಪರವಾನಗಿ, ಶುಲ್ಕ ಎಂದು ಹೊಸ ಕಿರಿಕಿರಿ ತರುವುದು ಬೇಡ. ಅಂಗಳ ತೆರವುಗೊಳಿಸಿ ಎಂದು ಕೊಡುವ ನೋಟಿಸಿನ ನಮೂನೆಯಲ್ಲಿ ಎರಡು ಅಂಕಣ ಸೇರಿಸಲಿ: ತೆಗೆಯಬೇಕಾದ ಗಿಡದ ಹೆಸರು, ಲಾರ್ವಾ ಸಿಕ್ಕ ಜಾಗ. ಎರಡೂ ಖಾಲಿಯಿದ್ದರೆ ಆ ನೋಟಿಸಿಗೆ ಸಹಿ ಬೀಳಬಾರದು.

— ಕೈತೋಟಾಸಕ್ತ ಓದುಗರು, ಬೆಂಗಳೂರು