ಬಿಲ್ ಪಾವತಿ: ಚೆಕ್ ಮತ್ತು ಸ್ವಯಂ ಪಾವತಿ ಕುರಿತು

ಎಲ್ಲರಿಗೂ ನಮಸ್ಕಾರ.

ನಿರ್ವಹಣಾ ಶುಲ್ಕವನ್ನು ಇನ್ನು ಮುಂದೆ ಚೆಕ್ ಮೂಲಕ ಕೊಡಬಾರದೇ ಎಂದು ಕೆಲವು ಹಿರಿಯರು ಕೇಳಿದ್ದಾರೆ. ಖಂಡಿತ ಕೊಡಬಹುದು. ಹಿಂಬದಿಯಲ್ಲಿ ಮನೆ ಸಂಖ್ಯೆ ಬರೆಯಿರಿ. ದಿನಾಂಕದಿಂದ 3 ತಿಂಗಳು ಕಳೆದರೆ ಚೆಕ್ ನಡೆಯುವುದಿಲ್ಲ.

ವಿದ್ಯುತ್, ದೂರವಾಣಿ ಬಿಲ್‌ಗಳಿಗೆ ಸ್ವಯಂ ಪಾವತಿ ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಮನೆಯಲ್ಲಿ ಒಂದು ಸಂಪರ್ಕ ಬೇಡವೆಂದು ತಿಳಿಸಿದ ಮೇಲೂ ನಾಲ್ಕು ತಿಂಗಳು ಹಣ ಕಡಿತವಾಯಿತು. ಸಂಪರ್ಕ ನಿಲ್ಲಿಸಿದರೆ ಸಾಲದು, ಆ್ಯಪ್‌ನಲ್ಲಿ ಪಾವತಿಯ ಅನುಮತಿಯನ್ನೂ ರದ್ದು ಮಾಡಬೇಕು. ಅಮ್ಮನ ಪಿಂಚಣಿಯ ಹಣವದು, ಇಂದಿಗೂ ಸಂಕಟವಾಗುತ್ತದೆ. ಕಾರ್ಡ್ ಅಥವಾ ಯುಪಿಐ ಮೂಲಕ ಸ್ವಯಂ ಪಾವತಿ ಇದ್ದರೆ, ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಸಂದೇಶ ಬರಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆ ಸಂದೇಶವನ್ನು ಅಳಿಸಬೇಡಿ, ಓದಿ. ತಿಂಗಳಿಂದ ತಿಂಗಳಿಗೆ ಮೊತ್ತ ಬದಲಾಗುವ ಬಿಲ್‌ಗೆ ಗರಿಷ್ಠ ಮಿತಿಯನ್ನು ನೀವೇ ನಿಗದಿಪಡಿಸಬಹುದು. ಇಂಥ ಬಿಲ್ 15,000 ರೂಪಾಯಿ ದಾಟಿದರೆ ಪ್ರತಿ ಸಲವೂ ನಿಮ್ಮ ಒಪ್ಪಿಗೆ ಬೇಕು.

ಇನ್ನೊಂದು ಮಾತು. ಚೆಕ್ ಬೌನ್ಸ್ ಆದರೆ ಮಾತ್ರ ಕೇಸು ಎಂಬ ನಂಬಿಕೆ ತಪ್ಪು. ಖಾತೆಯಲ್ಲಿ ಹಣವಿಲ್ಲದೆ ವಿದ್ಯುನ್ಮಾನ ಪಾವತಿ ವಿಫಲವಾದರೂ 2007ರ ಪಾವತಿ ಕಾಯ್ದೆಯ 25ನೇ ಸೆಕ್ಷನ್ ಅನ್ವಯಿಸಬಹುದು.

ಭಾನುವಾರ ಬೆಳಿಗ್ಗೆ 11ಕ್ಕೆ ಸಂಘದ ಕೋಣೆಯಲ್ಲಿ ಇರುತ್ತೇನೆ. ಅನುಮತಿಗಳ ಪಟ್ಟಿ ನೋಡುವುದು, ರದ್ದು ಮಾಡುವುದು ಹೇಗೆಂದು ತೋರಿಸುತ್ತೇನೆ. ಮೊಬೈಲ್ ತನ್ನಿ, ಪಿನ್ ಅನ್ನು ನನಗೂ ಹೇಳಬೇಡಿ.