ಮಿಲ್ಲಿಗೆ ಬರುವ ಎಲ್ಲರಿಗೂ: ಚುನಾವಣೆ ಮುಗಿಯುವವರೆಗೆ ಏನೇನು ಬದಲಾಗುತ್ತದೆ

ಕೋಲಾರದ ನಮ್ಮ ಗ್ರಾಹಕರಿಗೆ ನಮಸ್ಕಾರ.

ನಿಮ್ಮಲ್ಲಿ ಅರ್ಧ ಜನಕ್ಕೆ ಸುದ್ದಿ ಆಗಲೇ ಮುಟ್ಟಿದೆ. ಹಿಟ್ಟು ಬೀಸಿಸಲು ಬಂದವರೆಲ್ಲ ಮೂರು ದಿನದಿಂದ ಅದನ್ನೇ ಕೇಳುತ್ತಿದ್ದಾರೆ. ಹೌದು, ನಗರಸಭೆ ಚುನಾವಣೆಗೆ ನಿಂತಿದ್ದೇನೆ. ನಮ್ಮ ವಾರ್ಡು ಈ ಸಲ ಸಾಮಾನ್ಯ ಮಹಿಳೆಗೆ ಮೀಸಲಾಗಿದೆ. ಪಕ್ಷೇತರಳಾಗಿ ನಾಮಪತ್ರ ಕೊಟ್ಟಿದ್ದೇನೆ. "ಹೆಸರು ನಿಮ್ಮದು, ಓಡಾಟ ಯಜಮಾನರದ್ದಾ ಅಮ್ಮಾ?" ಎಂದು ಹಿರಿಯರೊಬ್ಬರು ಕೇಳಿದರು. ಹತ್ತೊಂಬತ್ತು ವರ್ಷದಿಂದ ಈ ಮಿಲ್ಲು ನಡೆಸುತ್ತಿರುವವಳು ನಾನು. ಗೆದ್ದರೆ ಸಭೆಗೆ ಹೋಗಿ ಕೂರುವವಳೂ ನಾನೇ.

ಈ ಪತ್ರ ಓಟು ಕೇಳಲು ಬರೆದದ್ದಲ್ಲ. ಅದಕ್ಕೆ ನಿಮ್ಮ ಮನೆ ಬಾಗಿಲಿಗೇ ಬರುತ್ತೇನೆ. ಇಲ್ಲಿ ಹೇಳುವುದು ಮಿಲ್ಲಿನ ವಿಷಯ ಮಾತ್ರ.

ಮೊದಲು ಉದ್ರಿ ಲೆಕ್ಕ. ಹೋದ ವಾರ ಒಬ್ಬ ತಾಯಿ ರಾಗಿ ಚೀಲ ಇಳಿಸಿ, ನನ್ನ ಕೈ ಹಿಡಿದುಕೊಂಡು, "ಅಕ್ಕಾ, ನಮ್ಮನೆ ನಾಲ್ಕು ಓಟೂ ನಿಮಗೇ, ಹಳೇ ಬಾಕಿ ಸ್ವಲ್ಪ ತಡ ಆಗುತ್ತೆ" ಎಂದರು. ನಾನು ಬಾಕಿಯನ್ನೂ ಕೇಳಿರಲಿಲ್ಲ, ಓಟನ್ನೂ ಕೇಳಿರಲಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಪುಸ್ತಕದಲ್ಲಿ ಹೆಸರಿದೆ ಅನ್ನುವ ಒಂದೇ ಕಾರಣಕ್ಕೆ ಯಾರೂ ನನ್ನ ಮುಂದೆ ಹಾಗೆ ನಿಲ್ಲಬಾರದು. ಆದ್ದರಿಂದ ಉದ್ರಿ ಪುಸ್ತಕವನ್ನು ತಂಗಿಯ ಕೈಗೆ ಕೊಟ್ಟಿದ್ದೇನೆ. ಫಲಿತಾಂಶ ಬರುವವರೆಗೆ ನಾನು ಅದನ್ನು ತೆರೆಯುವುದಿಲ್ಲ. ಅಲ್ಲಿಯವರೆಗೆ ಬಾಕಿ ಕೇಳಿ ಯಾರ ಮನೆಗೂ ಯಾರೂ ಬರುವುದಿಲ್ಲ. ಕೈಯಲ್ಲಿದ್ದವರು ತಂಗಿಗೆ ಕೊಟ್ಟು ಬರೆಸಿ. ಇಲ್ಲದವರಿಗೂ ಉದ್ರಿ ಮೊದಲಿನಂತೆಯೇ ನಡೆಯುತ್ತದೆ. ಆದರೆ ಯಾರ ಬಾಕಿಯನ್ನೂ ಮನ್ನಾ ಮಾಡುವುದಿಲ್ಲ. ಬೇರೆ ದಿನವಾಗಿದ್ದರೆ ಕಷ್ಟದಲ್ಲಿರುವ ಒಂದಿಬ್ಬರಿಗೆ ಮಾಡುತ್ತಿದ್ದೆ. ಈಗ ಮಾಡಿದರೆ ಅದು ಓಟಿಗೆ ಕೊಟ್ಟ ಲಂಚವೇ ಆಗುತ್ತದೆ, ಅಲ್ವಾ?

ಅದೇ ಕಾರಣಕ್ಕೆ ಈ ಸಲ ಹಬ್ಬದ ರಿಯಾಯಿತಿ ಇಲ್ಲ. ಕ್ಯಾಲೆಂಡರ್ ಇಲ್ಲ. ಮಕ್ಕಳ ಕೈಗೆ ಕೊಡುತ್ತಿದ್ದ ಹುರಿಗಡಲೆಯೂ ಇಲ್ಲ. ಚಿಕ್ಕವರು ಬೇಜಾರು ಮಾಡಿಕೊಳ್ಳುತ್ತಾರೆ, ದಯವಿಟ್ಟು ಸಮಾಧಾನ ಹೇಳಿ. ನೀತಿ ಸಂಹಿತೆ ಇರುವಾಗ ಅಭ್ಯರ್ಥಿ ಇಂಥದ್ದನ್ನು ಕೊಡಬಾರದು. ಬೀಸುವ ದರ ಮಾತ್ರ ಹಾಗೇ ಇರುತ್ತದೆ, ಒಂದು ಪೈಸೆಯೂ ಹೆಚ್ಚು ಕಡಿಮೆ ಆಗುವುದಿಲ್ಲ.

ಪೌರಕಾರ್ಮಿಕರ ಬೆಳಗಿನ ಉಪಾಹಾರಕ್ಕೆ ನಮ್ಮಿಂದ ಹೋಗುತ್ತಿದ್ದ ಹಿಟ್ಟು, ರವೆಯನ್ನು ನಿಲ್ಲಿಸಿದ್ದೇನೆ. ನಗರಸಭೆಯ ಗುತ್ತಿಗೆಯಲ್ಲಿ ಪಾಲು ಇಟ್ಟುಕೊಂಡವರು ಸದಸ್ಯರಾಗಿರಲು 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಬಿಡುವುದಿಲ್ಲ. ಆ ಮಾತು ನನಗೂ ಸರಿ ಅನಿಸುತ್ತದೆ. ಬಿಲ್ಲು ಬರೆಯುವವಳೇ ಬಿಲ್ಲು ಪಾಸು ಮಾಡುವ ಸಭೆಯಲ್ಲಿ ಕೂತರೆ ಜನ ಏನು ನಂಬಬೇಕು? ವ್ಯಾಪಾರ ಕಡಿಮೆ ಆಗುತ್ತದೆ, ನಿಜ. ಆದರೆ ಮಿಷನ್ ಹತ್ತಿರ ಕೆಲಸ ಮಾಡುವ ಇಬ್ಬರನ್ನೂ ಬಿಡಿಸುವುದಿಲ್ಲ. ಮಿಲ್ಲಿನ ಲೈಸೆನ್ಸು ಫೀಸು, ಆಸ್ತಿ ತೆರಿಗೆ ಎಲ್ಲಾ ಕಟ್ಟಿದ್ದೇನೆ. ಮಿಲ್ಲಿನ ಮೇಲಿರುವ ಬ್ಯಾಂಕ್ ಸಾಲವನ್ನೂ ನಾಮಪತ್ರದ ಜೊತೆ ಕೊಟ್ಟ ಪ್ರಮಾಣಪತ್ರದಲ್ಲಿ ಬರೆದಿದ್ದೇನೆ.

ಇನ್ನು ದಿನದ ಕೆಲಸ. ರಾಗಿ, ಗೋಧಿ, ಅಕ್ಕಿ ಬೀಸುವುದು ಬೆಳಿಗ್ಗೆ 7ರಿಂದ ರಾತ್ರಿ 8ರವರೆಗೆ ಎಂದಿನಂತೆ. ಮೆಣಸಿನಕಾಯಿ ಮಿಷನ್ ಮಂಗಳವಾರ, ಶನಿವಾರ ಮಾತ್ರ ಓಡುತ್ತದೆ. ಹುರಿಹಿಟ್ಟಿಗೆ ರಾಗಿ ಅರಳಿಸುವುದು ನನ್ನದೇ ಕೈ, ಅದಕ್ಕೆ ಎರಡು ದಿನ ಮುಂಚೆ ಹೇಳಿ. ಮಾಲ್ಟ್ ಮಾತ್ರ ಸದ್ಯಕ್ಕೆ ಆಗುವುದಿಲ್ಲ. ರಾಗಿ ನೆನೆಸಬೇಕು, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಬೇಕು, ನೆರಳಲ್ಲಿ ಒಣಗಿಸಬೇಕು, ಆಮೇಲೆ ಹದವಾಗಿ ಹುರಿಯಬೇಕು. ನಡುವೆ ಒಂದು ದಿನ ಕಣ್ಣು ತಪ್ಪಿದರೂ ಬೂಷ್ಟು ಹಿಡಿಯುತ್ತದೆ. ಹಸುಗೂಸುಗಳು ಕುಡಿಯುವ ವಸ್ತು, ಅರ್ಧ ಮನಸ್ಸಿನಿಂದ ಮಾಡಲಾರೆ. ಮನೆಯಲ್ಲಿ ಚಿಕ್ಕ ಮಕ್ಕಳಿರುವವರಿಗೆ ಈಗ ಇರುವ ದಾಸ್ತಾನಿನಲ್ಲಿ ತಲಾ ಒಂದು ಕೆಜಿ ಎತ್ತಿಟ್ಟಿದ್ದೇವೆ.

ಮಿಲ್ಲಿನ ಒಳಗೆ ನನ್ನ ಪೋಸ್ಟರ್ ಇರುವುದಿಲ್ಲ, ಯಾರದ್ದೂ ಇರುವುದಿಲ್ಲ. ಹಿಟ್ಟು ರೆಡಿ ಆಯಿತೆಂದು ಹೇಳಲು ನೀವು ಕೊಟ್ಟ ಫೋನ್ ನಂಬರುಗಳು ಪ್ರಚಾರಕ್ಕೆ ಹೋಗುವುದಿಲ್ಲ. ನನ್ನ ಎದುರು ನಿಂತಿರುವ ಒಬ್ಬರು ನಮ್ಮಲ್ಲೇ ರಾಗಿ ಬೀಸಿಸುವವರು. ಮೊನ್ನೆ ಡಬ್ಬ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು, ಒಳಗೆ ಬರಲು ಸಂಕೋಚ. ಅಕ್ಕಾ, ಸುಮ್ನೆ ಒಳಗೆ ಬನ್ನಿ. ನಿಮ್ಮ ಹಿಟ್ಟು ಮೊದಲಿನಷ್ಟೇ ನುಣ್ಣಗೆ ಬರುತ್ತದೆ.

ಕೋಲಾರದಲ್ಲಿ 35 ವಾರ್ಡುಗಳಿವೆ. ನಮ್ಮ ಗ್ರಾಹಕರು ಕ್ಲಾಕ್ ಟವರ್ ಕಡೆಯಿಂದಲೂ ಬರುತ್ತಾರೆ, ಟೇಕಲ್ ರಸ್ತೆ ಕಡೆಯಿಂದಲೂ ಬರುತ್ತಾರೆ. ನಿಮ್ಮಲ್ಲಿ ಬಹಳ ಜನಕ್ಕೆ ಈ ವಾರ್ಡಿನಲ್ಲಿ ಓಟೇ ಇಲ್ಲ. ಆದರೂ ಮಿಲ್ಲಿನ ಗಲಾಟೆಯಲ್ಲಿ ಸರದಿಗೆ ಕಾಯುತ್ತಾ ನೀವು ನಲ್ಲಿ ನೀರು, ಟ್ಯಾಂಕರ್ ದುಡ್ಡು, ಚರಂಡಿ ಎಂದು ಮಾತಾಡಿದ್ದನ್ನು ಕೇಳಿ ಕೇಳಿಯೇ ನಾನು ಈ ತೀರ್ಮಾನಕ್ಕೆ ಬಂದದ್ದು. ಗೆದ್ದರೆ ಬೆಳಿಗ್ಗೆ ಹತ್ತರವರೆಗೆ ಗಲ್ಲಾದಲ್ಲಿ ಸಿಗುತ್ತೇನೆ, ಆಮೇಲೆ ತಂಗಿ ಇರುತ್ತಾಳೆ. ಸೋತರೆ ಮರುದಿನ ಏಳು ಗಂಟೆಗೆ ಬೆಲ್ಟು ಹಾಕುವವಳು ನಾನೇ.

ಇನ್ನೊಂದು ವಿಷಯ. ಹೋದ ತಿಂಗಳಿಂದ ಹನ್ನೊಂದು ಡಬ್ಬ, ಮೂರು ಚೀಲ ಇಲ್ಲೇ ಉಳಿದಿವೆ. ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆದಿಟ್ಟಿದ್ದೇವೆ. ಹುಳ ಬೀಳುವ ಮುಂಚೆ ಬಂದು ತೆಗೆದುಕೊಂಡು ಹೋಗಿ.

ಇಂತಿ,
ನಿಮ್ಮ ಹಿಟ್ಟಿನ ಮಿಲ್ಲಿನ ಅಕ್ಕ